ಗೋಲಗುಮ್ಮಟದ ಪಿಸುಮಾತೂ ಬೆಳಕಿನ ಕಿರುವುಂಗುರವೂ

ಗೋಕಾಕದಲ್ಲಿ ಘಟಪ್ರಭೆಯು ಕುದುರೆಲಾಳದ ಆಕಾರದ ಬಂಡೆಯಂಚಿನಿಂದ ಸುಮಾರು 170 ಅಡಿ ಕೆಳಕ್ಕೆ ಧುಮುಕುವಾಗ ಏಳುವ ಘೋಷವು ಬಯಲಿಗೆ ಹರಡಿ, ದೂರ ಹೋದಂತೆಲ್ಲ ಕ್ಷೀಣಿಸುತ್ತದೆ. ಅಲ್ಲಿಂದ ಈಶಾನ್ಯಕ್ಕಿರುವ ವಿಜಯಪುರದ ಗೋಲಗುಮ್ಮಟದಲ್ಲಿಯಾದರೋ, ಒಂದು ಪಿಸುಮಾತು ಕೂಡ ವಿಶಾಲವಾದ ಗುಮ್ಮಟದ ಆಚೆಯ ಬದಿಗೆ ಸ್ಪಷ್ಟವಾಗಿ ತಲಪುತ್ತದೆ. ಮಹಾಘೋಷವು ಅಳಿಯುವುದೂ ಅಲ್ಪಧ್ವನಿಯು ಉಳಿಯುವುದೂ ಏತರಿಂದ ಎಂಬುದು ವಿಚಾರಾರ್ಹವಾದುದು.

ಈ ಗುಮ್ಮಟವು 1627ರಿಂದ 1656ರವರೆಗೆ ಆಳಿದ ಮಹಮ್ಮದ ಆದಿಲಶಹನ ಗೋರಿ. ಒಂದನ್ನೊಂದು ಹಾಯ್ದುಹೋಗುವ ಕಮಾನುಗಳು ಚೌಕವಾದ ಕಟ್ಟಡದ ಮೇಲೆ ವರ್ತುಲವಾದ ಗುಮ್ಮಟವನ್ನು ಹೊತ್ತಿವೆ. ಒಳವ್ಯಾಸವು ಸುಮಾರು 38 ಮೀಟರು. ಬುಡದಲ್ಲಿ ಸುತ್ತಲೂ ಮೊಗಸಾಲೆಯುಂಟು. ಇಲ್ಲಿ ಎರಡು ಸಂಗತಿಗಳನ್ನು ಒಂದೆಂದು ಭ್ರಮಿಸುವುದು ರೂಢಿಯಾಗಿದೆ. ಚಪ್ಪಾಳೆಯು ಮತ್ತೆ ಮತ್ತೆ ಕೇಳಿಬರುವುದು ಪ್ರತಿಧ್ವನಿ. ಅದು ಎದುರುಗೋಡೆಗೆ ತಾಗಿ ಮರಳುವುದು. ಪಿಸುಮಾತಿನ ದಾರಿಯೇ ಬೇರೆ. ಅದು ಗೋಡೆಯನ್ನು ಬಿಡದೆ ಬಳಸಿಕೊಂಡು ಹೋಗುವುದು.

ಧ್ವನಿಯು ಎದುರುಬಿಂದುವಿನಲ್ಲಿ ಒಂದುಗೂಡುವುದೆಂದು ಜ್ಯೋತಿರ್ವಿದನಾದ ಏರಿಯು ಹೇಳಿದ್ದನು. ಹಾಗಿದ್ದರೆ ಪಿಸುಮಾತು ಆ ಒಂದೆಡೆಯಲ್ಲಿಯೇ ಕೇಳಬೇಕು. ಆದರೆ ಅದು ಗೋಡೆಯ ಬಳಿ ಎಲ್ಲೆಡೆಯೂ ಕೇಳುವುದು. ಇದನ್ನು ಗಮನಿಸಿದ ಲಾರ್ಡ್ ರೇಲಿಯು, ಧ್ವನಿಯು ಗೋಡೆಯ ಮಗ್ಗುಲಿನ ಕಿರಿದಾದ ಪಟ್ಟಿಯಲ್ಲಿಯೇ ಹರಿಯುವುದೆಂದು ಸಾಧಿಸಿ, 1910ರಲ್ಲಿ ಅದರ ಗಣಿತವನ್ನು ಪ್ರಕಟಿಸಿದನು.

1921ರಲ್ಲಿ ಲಂಡನ್ನಿಗೆ ಹೋಗಿದ್ದ ಚಂದ್ರಶೇಖರ ವೆಂಕಟ ರಾಮನ್ನರು ಸದರ್ಲೆಂಡನೊಡನೆ ಸಂತ ಪಾಲನ ಮಂದಿರದಲ್ಲಿ ಇದನ್ನು ಪರೀಕ್ಷಿಸಿ, ಗೋಡೆಯ ಬಳಿ ಧ್ವನಿಯ ತೀವ್ರತೆಯು ಏರಿಳಿಯುವುದೆಂದು ಕಂಡರು. ಬಳಿಕ 1922ರಲ್ಲಿ ಕಲ್ಕತ್ತೆಯ ವಿಜ್ಞಾನಸಂಘದ ಪತ್ರಿಕೆಯಲ್ಲಿ ಭಾರತದ ಇಂಥ ಮೊಗಸಾಲೆಗಳನ್ನು ಕುರಿತು ಬರೆದರು. ಗೋಲಗುಮ್ಮಟವು ಅವುಗಳಲ್ಲಿ ಒಂದು. ಕನ್ನಡನಾಡಿನ ಕಟ್ಟಡವೊಂದು ಹೀಗೆ ಪ್ರಯೋಗಶಾಲೆಯಾಯಿತು.

ತರಂಗವೆಂಬುದು ಧ್ವನಿಗೂ ಬೆಳಕಿಗೂ ಸಮಾನವಾದ ಧರ್ಮ. ಆದುದರಿಂದ ಅದೇ ನಿಯಮವು ಬೆಳಕಿಗೂ ಸಲ್ಲುವುದು. ಸುತ್ತಳತೆಯು ತರಂಗದ ಉದ್ದಕ್ಕೆ ಸರಿಯಾಗಿ ಭಾಗವಾದಾಗ ಪ್ರತಿಯೊಂದು ಸುತ್ತೂ ಹಿಂದಿನ ಸುತ್ತಿಗೆ ಬಲವನ್ನೀಯುತ್ತದೆ. ಇಲ್ಲದಿದ್ದರೆ ಸುತ್ತುಗಳು ಒಂದನ್ನೊಂದು ಅಳಿಸುತ್ತವೆ. ಇದೇ ಅನುರಣನ. 1961ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಚಿಕ್ಕ ಸ್ಫಟಿಕಗೋಲದೊಳಗೆ ಬೆಳಕನ್ನು ಸುತ್ತಿಸಿ ಲೇಸರನ್ನು ಪಡೆದರು. 1969ರಲ್ಲಿ ಅಲ್ಲಿಯ ಮಾರ್ಕಟಿಲಿಯು ಬೆಳಕಿನ ನಾಲೆಯನ್ನು ಉಂಗುರವಾಗಿ ಬಾಗಿಸುವ ಯೋಜನೆಯನ್ನು ಮುಂದಿಟ್ಟನು. ಕಾಲಕ್ರಮದಲ್ಲಿ ಆ ಉಂಗುರವು ಸಿಲಿಕಾನ್ ಚಿಪ್ಪಿನ ಮೇಲೆ ಮೂಡಿತು.

ಗಾತ್ರಗಳನ್ನು ಹೋಲಿಸುವುದು ಉಚಿತ. ಗುಮ್ಮಟದ ಸುತ್ತಳತೆ ಸುಮಾರು 119 ಮೀಟರು. ಧ್ವನಿಯು ಒಂದು ಸುತ್ತಿಗೆ ಸೆಕೆಂಡಿನ ಮೂರನೆಯ ಒಂದಂಶವನ್ನು ತೆಗೆದುಕೊಳ್ಳುವುದು. 10 ಮೈಕ್ರೊಮೀಟರು ತ್ರಿಜ್ಯದ ಸಿಲಿಕಾನ್ ಉಂಗುರವು ಅದಕ್ಕಿಂತ ಸುಮಾರು 19 ಲಕ್ಷ ಪಟ್ಟು ಚಿಕ್ಕದು. ಅದರಲ್ಲಿ ಬೆಳಕಿನ ಒಂದು ಸುತ್ತು ಸೆಕೆಂಡಿನ ಲಕ್ಷಕೋಟಿಯ ಒಂದಂಶದೊಳಗೆ ಮುಗಿಯುವುದು.

ಇಂಥ ಉಂಗುರವು ತನಗೆ ಒಗ್ಗಿದ ಬಣ್ಣವನ್ನು ಮಾತ್ರ ಆರಿಸಿ ಹಿಂದಿರುಗಿಸುವುದರಿಂದ ಲೇಸರಿನ ಬಣ್ಣವು ಶುದ್ಧವಾಗುವುದು. 2007ರಲ್ಲಿ ಜರ್ಮನಿಯ ವಿಜ್ಞಾನಿಗಳು ಗಾಜಿನ ಕಿರುವುಂಗುರವೊಂದರಿಂದ ಬಾಚಣಿಗೆಯ ಹಲ್ಲುಗಳಂತೆ ಸಮಾನಾಂತರದಲ್ಲಿರುವ ಅನೇಕ ಬಣ್ಣಗಳನ್ನು ಹೊರಡಿಸಿದರು. ಅಂಥ ಎರಡು ಹಲ್ಲುಗಳ ಅಂತರವು ತಕ್ಕಷ್ಟಿದ್ದರೆ, ಅವುಗಳ ಬೆರಕೆಯಿಂದ ಮೈಕ್ರೊವೇವ್ ಸಂಕೇತವು ಹುಟ್ಟುವುದು. ರೇಡಾರಿಗೂ ನಿಸ್ತಂತು ವಾರ್ತೆಗೂ ಅದು ಉಪಯುಕ್ತ.

ಇಷ್ಟರಿಂದ ವಿಜಯಪುರದ ಶಿಲ್ಪಿಗಳು ಅನುರಣನಶಾಸ್ತ್ರವನ್ನು ಬಲ್ಲವರಾಗಿದ್ದರೆಂದು ಸಾಧಿಸುವುದು ತಕ್ಕುದಲ್ಲ. ನುಣುಪಾದ ದುಂಡುಗೋಡೆಯಿದ್ದಲ್ಲೆಲ್ಲ ಈ ಗುಣವು ತಾನಾಗಿ ಬರುವುದೆಂಬುದಕ್ಕೆ ಲಂಡನ್ನಿನ ಮಂದಿರವೇ ಸಾಕ್ಷಿ. ಅವರ ನಿಜವಾದ ಹಿರಿಮೆಯು ಕಮಾನುಗಳ ಯೋಜನೆಯಲ್ಲಿದೆ. ಇಲ್ಲದ ಹಿರಿಮೆಯನ್ನು ಹೊರಿಸಿದರೆ ಇರುವುದು ಮರೆಯಾಗುವುದು. ಕಿರುವುಂಗುರವನ್ನು ಕುರಿತ ಬರಹಗಳಲ್ಲಿ ಇಂದಿಗೂ ‘ಪಿಸುಮಾತಿನ ಮೊಗಸಾಲೆ’ ಎಂಬ ಹೆಸರು ಉಳಿದಿದೆ. ಕನ್ನಡಿಗರು ಹೆಮ್ಮೆಪಡಲು ಆ ಹೆಸರೂ, ಆ ಮೊಗಸಾಲೆಯಲ್ಲಿ ನಡೆದ ಪರಿಶೀಲನೆಯೂ ಸಾಕು.