ಭಂಗಾರವೋ, ಬಂಗಾರವೋ?

ನಮ್ಮ ಮುಂಬಯಿಯಲ್ಲಿ ಗುಜರಿಗೆ ‘ಭಂಗಾರ್’ ಅಂತಾರೆ. ಲಾಫ್ಟ್ ಮೇಲಿರುವ ವಿಂಡೋಸ್ 98ರ ಕಂಪ್ಯೂಟರನ್ನು ಭಂಗಾರಿಗೆ ಹಾಕಿ ಅಂತ ಮನೆಯಲ್ಲಿ ಎಷ್ಟು ಸಲ ಹೇಳಿದರೂ ನಾನು ಒಪ್ಪಿಲ್ಲ. ಅಪ್ಪ ಕೀಬೋರ್ಡಿನಲ್ಲಿ ನುಡಿಸಿದ ಹನ್ನೊಂದು ದೇವರನಾಮಗಳು ಅದರೊಳಗಿವೆ. ಅವನ್ನು ಹಿಡಿದಿಟ್ಟ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿನಲ್ಲಿ ತೆರೆಯುವುದೇ ಇಲ್ಲ. ವಿಂಡೋಸ್ 98ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2006ರ ಜುಲೈನಲ್ಲೇ ಮುಗಿಯಿತು.

ಈ ಪಾಡು ನನ್ನೊಬ್ಬನದೇ ಅಲ್ಲ ನೋಡಿ. ಇದರ ಹಿಂದೆ ನಲವತ್ತು ವರ್ಷಗಳ ಕಥೆಯಿದೆ.

1980ರ ಸುಮಾರಿಗೆ ಒಂದು ಕಂಪನಿಯ ಸಿಂಥಸೈಜರಿಗೆ ಇನ್ನೊಂದು ಕಂಪನಿಯದರ ಭಾಷೆ ತಿಳಿಯುತ್ತಿರಲಿಲ್ಲ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ರೋಲೆಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಮೊದಲಾದವರು ಸೇರಿ ‘ಮಿಡಿ’ ಎಂಬ ಸಾಮಾನ್ಯ ಭಾಷೆ ರೂಪಿಸಿದರು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ‘ನ್ಯಾಮ್’ ಪ್ರದರ್ಶನದಲ್ಲಿ ಎರಡು ಪ್ರತಿಸ್ಪರ್ಧಿ ಕಂಪನಿಗಳ ವಾದ್ಯಗಳನ್ನು ಕೇಬಲ್ಲಿನಿಂದ ಜೋಡಿಸಿ ತೋರಿಸಿದರು. ಆ ಕೇಬಲ್ಲಿನಲ್ಲಿ ಹರಿಯುವುದು ದನಿಯಲ್ಲ. ಯಾವ ಕೀ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ ಎಂಬ ಲೆಕ್ಕ ಅಷ್ಟೇ. ನಮ್ಮ ಬ್ಯಾಂಕಿನ ಲೆಡ್ಜರ್ ಎಂಟ್ರಿ ಇದ್ದ ಹಾಗೆ!

1985ರಲ್ಲಿ ಅಟಾರಿ ಎಸ್‌ಟಿ ಕಂಪ್ಯೂಟರ್ ಬಂತು. ಮಿಡಿ ಕೇಬಲ್ ಸಿಕ್ಕಿಸುವ ಕಿಂಡಿಗಳು ಅದರಲ್ಲೇ ಇದ್ದವು. 1989ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿಯ ‘ಕ್ಯೂಬೇಸ್’ ಮೊದಲು ಬಂದಿದ್ದೂ ಅದಕ್ಕೇ. 1993ರ ಹೊತ್ತಿಗೆ ಅಟಾರಿ ಆ ಸಾಲಿನ ಕಂಪ್ಯೂಟರುಗಳನ್ನು ಕೈಬಿಟ್ಟಿತು. ಸಂಗೀತಗಾರರು ಮಾತ್ರ ಬಿಡಲಿಲ್ಲ. ಇಂಗ್ಲೆಂಡಿನ ಫ್ಯಾಟ್‌ಬಾಯ್ ಸ್ಲಿಮ್ ತಮ್ಮ 1998ರ ಪ್ರಸಿದ್ಧ ಆಲ್ಬಮ್ಮನ್ನು ಮಾಡಿದ್ದು ಅಟಾರಿಯಲ್ಲೇ.

ಜರ್ಮನಿಯದೇ ಆದ ಎಮಾಜಿಕ್ ಕಂಪನಿಯ ‘ಲಾಜಿಕ್’ ಮೊದಲು ವಿಂಡೋಸಿಗೂ ಸಿಗುತ್ತಿತ್ತು. 2002ರಲ್ಲಿ ಆಪಲ್ ಆ ಕಂಪನಿಯನ್ನು ಕೊಂಡುಕೊಂಡಿತು, ವಿಂಡೋಸ್ ಆವೃತ್ತಿ ನಿಂತೇ ಹೋಯಿತು. ದುಡ್ಡು ಕೊಟ್ಟು ಕೊಂಡಿದ್ದವರು ಒಂದೋ ಹಳೇ ಯಂತ್ರವನ್ನು ಜೋಪಾನ ಮಾಡಬೇಕು, ಇಲ್ಲವೇ ಬೇರೆಯದಕ್ಕೆ ಹೋಗಬೇಕು. ಶಾಖೆ ಮುಚ್ಚಿದರೂ ಖಾತೆ ಪಕ್ಕದ ಶಾಖೆಗೆ ಹೋಗುತ್ತದೆ. ಇಲ್ಲಿ ಆ ಏರ್ಪಾಡೇ ಇಲ್ಲ.

ಆದರೆ ಒಂದು ಮಾತಿದೆ. ಸಾಫ್ಟ್‌ವೇರುಗಳು ಬಂದವು, ಹೋದವು. ಎಲ್ಲರೂ ಕೂಡಿ ಒಪ್ಪಿದ ಮಿಡಿ ಮಾತ್ರ ಉಳಿಯಿತು. ಅಪ್ಪನ ಹನ್ನೊಂದರಲ್ಲಿ ಒಂದೇ ಒಂದನ್ನು ನಾನು ಅಂದು, ಏನೂ ತಿಳಿಯದೆಯೇ, ‘ಸ್ಟ್ಯಾಂಡರ್ಡ್ ಮಿಡಿ ಫೈಲ್’ ಆಗಿ ಫ್ಲಾಪಿಯಲ್ಲಿ ಇಟ್ಟಿದ್ದೆ. ಅದು 1988ರಲ್ಲಿ ನಿಗದಿಯಾದ ರೂಪ. ಮೊನ್ನೆ ಮಗಳ ಲ್ಯಾಪ್‌ಟಾಪಿನಲ್ಲಿ ತೆರೆದರೆ ತಕರಾರಿಲ್ಲದೆ ನುಡಿಯಿತು. ಎರಡನೇ ಸಾಲಿನಲ್ಲಿ ಅಪ್ಪ ತಡವರಿಸಿ ಮತ್ತೆ ಹಿಡಿದದ್ದು ಕೂಡ ಹಾಗೇ ಇದೆ... ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಉಳಿದ ಹತ್ತನ್ನು ಹೊರತೆಗೆಯಲು ಆ ಹಳೇ ಯಂತ್ರವೇ ಬೇಕು. ಇಂಟರ್‌ನೆಟ್ ಜೋಡಿಸದೆ, ಭಾನುವಾರಕ್ಕೆ ಒಂದರಂತೆ ಇಳಿಸಿಕೊಳ್ಳುತ್ತಿದ್ದೇನೆ. ಇಲ್ಲಿಗೆ ಮೂರಾದವು. ಡಿಸ್ಕು ಕೈಕೊಡುವುದರೊಳಗೆ ಮುಗಿಯಬೇಕು.

ನಿಮ್ಮ ಲಾಫ್ಟಿನಲ್ಲೂ ಇಂಥದ್ದೊಂದು ಇದ್ದರೆ ಅದು ಓಡುತ್ತಿರುವಾಗಲೇ ಕೆಳಗಿಳಿಸಿ. ಭಂಗಾರ್‌ವಾಲಾ ಸ್ವಲ್ಪ ದಿನ ಕಾಯಲಿ, ಏನಂತೀರಿ?