ತಾರಸ್ಥಾಯಿಯೂ ಒಂದು ಹಿತ್ತಾಳೆಯ ಬಟ್ಟಲೂ

ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯ ಮೇಲೆ ಆನೆ, ಕುದುರೆ, ಕಾಲಾಳುಗಳ ಜೊತೆಗೆ ವಾದ್ಯಗಾರರೂ ಸಾಲುಗಟ್ಟಿ ನಡೆದಿದ್ದಾರೆ. ಮೆರವಣಿಗೆಗೆ ಊದುವಾದ್ಯ ಬೇಕೆಂಬುದು ನಮ್ಮ ಬಳ್ಳಾರಿ ಸೀಮೆಗೆ ಹೊಸ ಮಾತಲ್ಲ. ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಹೋದವರಿಗಾಗಲಿ, ಮೋಕ, ಸಿರುಗುಪ್ಪದ ಕಡೆಯ ಮದುವೆಯ ದಿಬ್ಬಣ ಕಂಡವರಿಗಾಗಲಿ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಕಹಳೆ, ಕೊಂಬುಗಳಲ್ಲಿ ಯಾರಾದರೂ ಒಂದು ಹಾಡನ್ನು ಪೂರ್ತಿಯಾಗಿ ನುಡಿಸಿದ್ದನ್ನು ನೀವು ಕೇಳಿದ್ದೀರಾ?

ಕೇಳಿರಲಾರಿರಿ. ರಂಧ್ರವಿಲ್ಲದ ಕೊಳವೆ ತನಗೆ ಸಹಜವಾದ ಸ್ವರಗಳನ್ನು ಮಾತ್ರ ಕೊಡುತ್ತದೆ. ಮೊದಲು ಷಡ್ಜ, ಅನಂತರ ಮೇಲಿನ ಷಡ್ಜ, ಆಮೇಲೆ ಪಂಚಮ, ಮತ್ತೆ ಷಡ್ಜ, ಗಾಂಧಾರ, ಪಂಚಮ. ಕೆಳಗೆ ಮೆಟ್ಟಿಲುಗಳು ದೂರ ದೂರ. ಎಂಟನೆಯ ಸ್ವರ ದಾಟಿದ ಮೇಲೆಯೇ ಸ-ರಿ-ಗ ಒಂದರ ಪಕ್ಕ ಒಂದು ಸಿಗುವುದು. ಅಷ್ಟು ಮೇಲಕ್ಕೆ ತುಟಿ ಏರದಿದ್ದರೆ ಎರಡು ಮೂರು ಸ್ವರಗಳ ಘೋಷವಷ್ಟೇ ಉಳಿಯುತ್ತದೆ.

ಹದಿನೇಳು, ಹದಿನೆಂಟನೆಯ ಶತಮಾನಗಳ ಯೂರೋಪಿನ ಕಹಳೆಗಾರರು ಆ ಎತ್ತರಕ್ಕೆ ಏರಿದರು. ಅವರ ಕಹಳೆ ಸುಮಾರು ಏಳೆಂಟು ಅಡಿ ಉದ್ದದ ಬರಿಯ ಕೊಳವೆ. ಲೈಪ್‌ಜಿಗ್‌ನ ಗಾಟ್‌ಫ್ರೀಡ್ ರೈಖೆ ಎಂಬಾತನಿಗಾಗಿ ಯೊಹಾನ್ ಸೆಬಾಸ್ಟಿಯನ್ ಬಾಖ್ ಅತಿ ಎತ್ತರದ ಸ್ವರಗಳನ್ನು ರಚಿಸಿದ. 1734ರ ಅಕ್ಟೋಬರ್ 5ರ ರಾತ್ರಿ ರಾಜಗೌರವದ ಕಾರ್ಯಕ್ರಮದಲ್ಲಿ ನುಡಿಸಿದ ರೈಖೆ ಮರುದಿನವೇ ತೀರಿಕೊಂಡ. ಊದಿದ ಶ್ರಮ ಮತ್ತು ಪಂಜುಗಳ ಹೊಗೆಯೇ ಕಾರಣವೆಂದು ಅಂದಿನ ಊರಿನವರು ಬರೆದಿಟ್ಟರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಕಾಲದ ಕಹಳೆಗಳ ಮೌತ್‌ಪೀಸ್ ಇಂದಿನದಕ್ಕಿಂತ ಸಾಮಾನ್ಯವಾಗಿ ಅಗಲವಾಗಿತ್ತು. ಏರುಸ್ವರಕ್ಕೆ ಚಿಕ್ಕ ಮೌತ್‌ಪೀಸೇ ಬೇಕೆಂಬ ನಮ್ಮ ಹುಡುಗರ ನಂಬಿಕೆ ಇಲ್ಲಿಯೇ ಅರ್ಧ ಕುಸಿಯುತ್ತದೆ.

1818ರಲ್ಲಿ ಸ್ಟೋಲ್ಟ್‌ಸೆಲ್ ಮತ್ತು ಬ್ಲ್ಯೂಮೆಲ್ ಪ್ರಷ್ಯದಲ್ಲಿ ವಾಲ್ವ್‌ಗೆ ಪೇಟೆಂಟ್ ಪಡೆದರು. ಕೊಳವೆ ಗಿಡ್ಡವಾಯಿತು, ಕೆಳಗಿನ ಸ್ಥಾಯಿಯಲ್ಲೂ ಎಲ್ಲ ಸ್ವರಗಳು ದೊರೆತವು. ಅಷ್ಟರಲ್ಲಿ, 1800ರಲ್ಲಿ, ನಿಜಾಮರು ಬಳ್ಳಾರಿಯನ್ನು ಕಂಪನಿಗೆ ಬಿಟ್ಟುಕೊಟ್ಟಿದ್ದರು. ಇಲ್ಲಿ ದಂಡು ನೆಲೆಸಿತು, ಕೌಲ್ ಬಜಾರ್ ಬೆಳೆಯಿತು. ದಂಡಿದ್ದಲ್ಲಿ ಬ್ಯೂಗಲ್, ಬ್ಯಾಂಡು ಇದ್ದೇ ಇರುತ್ತವೆ. ಭಾರತದ ಉದ್ದಗಲಕ್ಕೂ ದಂಡಿನ ಬ್ಯಾಂಡು ಕ್ರಮೇಣ ಮದುವೆಯ ಬ್ಯಾಂಡಾಯಿತು. ವಾದ್ಯಗಳನ್ನು ಮೀರತ್ ನಗರ ತಯಾರಿಸತೊಡಗಿತು. ಮೈಸೂರು ಅರಮನೆಯ ವಾದ್ಯವೃಂದಕ್ಕೆ ಆಟೋ ಶ್ಮಿಟ್‌ರಂಥ ಜರ್ಮನ್ ಬ್ಯಾಂಡ್ ಮಾಸ್ಟರ್ ಇದ್ದರು. ಮದುವೆಯ ಬ್ಯಾಂಡಿನವರಿಗೆ ಅಂಥ ಗುರುವಿಲ್ಲ. ವಾದ್ಯದ ಜೊತೆಗೆ ಯಾವ ಮೌತ್‌ಪೀಸ್ ಬಂತೋ ಅದೇ ಗತಿ.

ಮೌತ್‌ಪೀಸಿಗೆ ಅಳತೆಯ ಭಾಷೆಯನ್ನು ರೂಢಿಗೆ ತಂದವರಲ್ಲಿ ಪ್ರಮುಖ ಆಸ್ಟ್ರಿಯದಲ್ಲಿ ಹುಟ್ಟಿದ ಟ್ರಂಪೆಟ್ ವಾದಕ ವಿನ್ಸೆಂಟ್ ಬಾಖ್. ಈತ 1918ರಲ್ಲಿ ನ್ಯೂಯಾರ್ಕಿನಲ್ಲಿ ತಯಾರಿಕೆ ಆರಂಭಿಸಿದ. ಈತನ ಕ್ರಮದಲ್ಲಿ ಅಂಕಿ ಹೆಚ್ಚಿದಂತೆ ಬಟ್ಟಲು ಕಿರಿದಾಗುತ್ತದೆ. ಎ, ಬಿ, ಸಿ ಎಂದು ಅಕ್ಷರ ಮುಂದೆ ಹೋದಂತೆ ಆಳ ಕಡಿಮೆಯಾಗುತ್ತದೆ. 7ಸಿಯ ಒಳವ್ಯಾಸ ಸುಮಾರು 16.2 ಮಿಲಿಮೀಟರ್, ಒಂದೂವರೆ ಸಿಯದು 17. ಒಂದು ಮಿಲಿಮೀಟರಿನಷ್ಟೂ ಅಂತರವಿಲ್ಲ, ಆದರೂ ತುಟಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಆಳ ಕಡಿಮೆಯಾದ ಬಟ್ಟಲಿನಲ್ಲಿ ನಾದ ಹರಿತವಾಗಿ, ತಾರಸ್ಥಾಯಿ ಬೇಗ ಓಗೊಡುತ್ತದೆ. ಆದರೆ ದನಿ ತೆಳುವಾಗುತ್ತದೆ, ಶ್ರುತಿ ಮೇಲಕ್ಕೆ ಜಾರಬಹುದು. ಆಳವಾದದ್ದು ದುಂಡಾದ, ತುಂಬುದನಿ ಕೊಡುತ್ತದೆ, ಮೇಲೇರಲು ಹೆಚ್ಚು ದುಡಿಸಿಕೊಳ್ಳುತ್ತದೆ. ಬಟ್ಟಲಿನ ತಳದ ಕಿಂಡಿ ಸಾಮಾನ್ಯವಾಗಿ 3.66 ಮಿಲಿಮೀಟರ್, ಕಿರಿದಾದರೆ ಉಸಿರು ಉಳಿಯುತ್ತದೆ, ತೀರ ಕಿರಿದಾದರೆ ನಾದ ಉಸಿರುಗಟ್ಟುತ್ತದೆ. ಅಗಲವಾದ ಅಂಚು ತುಟಿಗೆ ಆರಾಮ. ಆದರೆ ಸ್ವರದಿಂದ ಸ್ವರಕ್ಕೆ ಜಿಗಿಯುವ ಚುರುಕು ಕೊಂಚ ತಗ್ಗುತ್ತದೆ.

ಬಯಲಲ್ಲಿ, ಡ್ರಮ್ಮುಗಳ ಅಬ್ಬರದ ನಡುವೆ, ಗಂಟೆಗಟ್ಟಲೆ ಸಿನಿಮಾ ಹಾಡು ಊದುವವನು ಕೊನೆಗೆ ತೋಳಿನ ಬಲದಿಂದ ವಾದ್ಯವನ್ನು ತುಟಿಗೆ ಒತ್ತುತ್ತಾನೆ. ಸ್ವರವೇನೋ ಬರುತ್ತದೆ, ತುಟಿ ಹಾಳಾಗುತ್ತದೆ. ಮಹಾವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಕೂಡ 1930ರ ದಶಕದ ಮಧ್ಯದಲ್ಲಿ ತುಟಿ ಒಡೆದು ವಾದ್ಯ ಕೆಳಗಿಡಬೇಕಾಯಿತು. ಹೊಟ್ಟೆಪಾಡಿಗೆ ಊದುವವನಿಗೆ ಆ ಬಿಡುವು ಎಲ್ಲಿಂದ ಬರಬೇಕು?

ಶಾಲೆಯ ಬ್ಯಾಂಡಿಗೆ ಸೇರುವ ವಿದ್ಯಾರ್ಥಿಗಳು 7ಸಿ ಅಥವಾ 5ಸಿಯಂಥ ಮಧ್ಯಮ ಅಳತೆಯಿಂದ ಆರಂಭಿಸುವುದು ಒಳ್ಳೆಯದು. ಅಂಗಡಿಯಲ್ಲಿ ಒಂದು ಏರುಸ್ವರ ಊದಿ ಮರುಳಾಗಬೇಡಿ. ಅರ್ಧ ಗಂಟೆ ನುಡಿಸಿದ ಮೇಲೆ ಮಂದ್ರದ ಸ್ವರ ತಡವರಿಸದೆ ಹೊರಡುತ್ತದೆಯೇ ನೋಡಿ. ಗೆಳೆಯನನ್ನು ಮೈದಾನದ ಆಚೆ ನಿಲ್ಲಿಸಿ ದನಿ ಹೇಗಿದೆಯೆಂದು ಕೇಳಿ. ಮೌತ್‌ಪೀಸಿನ ಬಾಲ ವಾದ್ಯದಲ್ಲಿ ಅಲುಗಾಡದೆ ಕೂರಬೇಕು. ಕಾಗದ ಸುತ್ತಿ ಕೂರಿಸಿದರೆ ಗಾಳಿ ಸೋರಿ, ಎಷ್ಟೇ ಒಳ್ಳೆಯ ಬಟ್ಟಲಾದರೂ ಶ್ರುತಿ ನಿಲ್ಲದು. ಇನ್ನೊಬ್ಬರು ಊದಿದ್ದನ್ನು ತೊಳೆಯದೆ ಬಾಯಿಗಿಡಬೇಡಿ.