ಉಂಬಳಿಯಿಂದ ಸೇವಾ ಪುಸ್ತಕದವರೆಗೆ: ಲೊಕ್ಕನಹಳ್ಳಿ ಸೀಮೆಯಲ್ಲಿ ಸರ್ಕಾರಿ ನೌಕರಿಯ ಅರ್ಥ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ‘ಸೇವೆ’ ಎಂದೊಡನೆ ಜನರ ಮನಸ್ಸಿಗೆ ಬರುವುದು ಮಾದಪ್ಪನ (ಮಲೆ ಮಹದೇಶ್ವರನ) ಬೆಟ್ಟದ ಉರುಳು ಸೇವೆ, ಪಂಜಿನ ಸೇವೆ. ಸರ್ಕಾರದಲ್ಲಿ ಮಾಡುವುದು ‘ಕೆಲಸ’; ಹಳಬರ ಮಾತಿನಲ್ಲಿ ‘ಚಾಕರಿ’. ‘ಸಾರ್ವಜನಿಕ ಸೇವೆ’ ಕಚೇರಿಯ ಕಾಗದದಿಂದ ಊರಿಗೆ ಬಂದ ಮಾತು. ಇನ್ನೂರು ವರ್ಷಗಳಲ್ಲಿ ಈ ಸೀಮೆಯ ನೌಕರರು ತಮ್ಮ ಕೆಲಸಕ್ಕೆ ಕೊಟ್ಟುಕೊಂಡ ಅರ್ಥ ಹಲವು ಬಾರಿ ಬದಲಾಗಿದೆ. ಆ ಬದಲಾವಣೆಯನ್ನು ಅರಿಯಲು ಸಂಬಳಕ್ಕಿಂತ ಹೆಚ್ಚು ನೆರವಾಗುವುದು ನೌಕರನ ವಾಸ ಎಲ್ಲಿತ್ತು ಎಂಬ ಪ್ರಶ್ನೆ.

ಮೊದಲ ಘಟ್ಟದಲ್ಲಿ ರಾಜ್ಯದ ಕೆಲಸಕ್ಕೆ ಸಿಗುತ್ತಿದ್ದ ದೊಡ್ಡ ಗೌರವವೆಂದರೆ ಭೂಮಿ. ಟಿಪ್ಪುವಿನ ಕಾಲದಲ್ಲಿ ಹಣಕಾಸು ನೋಡಿಕೊಂಡು, 1799ರಿಂದ 1811ರವರೆಗೆ ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರಿಗೆ 1807ರಲ್ಲಿ ಯಳಂದೂರು ಜಹಗೀರಾಗಿ ದೊರೆಯಿತು. ಆ ಹಕ್ಕು ಅವರ ವಂಶಕ್ಕೂ ಮುಂದುವರಿಯಿತು. ಕಾವೇರಿಯ ದಡದ ಶಿವನಸಮುದ್ರದಲ್ಲಿ ಇದೇ ರೀತಿಯ ಇನ್ನೊಂದು ಉದಾಹರಣೆಯಿದೆ. ಮೈಸೂರು ರೆಸಿಡೆಂಟರ ಆಪ್ತ ನೌಕರನಾಗಿದ್ದ ರಾಮಸ್ವಾಮಿ ಮೊದಲಿಯಾರ್ ಅಲ್ಲಿ ಸೇತುವೆ ಕಟ್ಟಿಸಿ, ಪಾಳುಬಿದ್ದಿದ್ದ ದೇವಾಲಯಗಳನ್ನು ದುರಸ್ತಿ ಮಾಡಿಸಿದರು. ಅದಕ್ಕೆ ಮನ್ನಣೆಯಾಗಿ ಅವರಿಗೆ ಜಹಗೀರು ಬಂತು; ಜೊತೆಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದೂ ಬಂತು. ಅಧಿಕಾರದ ಹೆಸರನ್ನು ಬಿಟ್ಟು ಜನೋಪಕಾರದ ಹೆಸರಿನಲ್ಲಿ ಬಿರುದು ಕೊಟ್ಟಿರುವುದು ಗಮನಾರ್ಹ.

ಊರ ಮಟ್ಟದಲ್ಲೂ ಪದ್ಧತಿ ಇದೇ, ಪ್ರಮಾಣ ಮಾತ್ರ ಚಿಕ್ಕದು. ತಳವಾರ, ತೋಟಿ, ನೀರುಗಂಟಿ ಮೊದಲಾದವರು ಕೆಲಸಕ್ಕೆ ಪ್ರತಿಯಾಗಿ ಬಿಟ್ಟುಕೊಟ್ಟ ಉಂಬಳಿ ನೆಲವನ್ನೂ ಕಣದಲ್ಲಿ ಸಲ್ಲುವ ಕಾಳಿನ ಪಾಲನ್ನೂ ನಂಬಿ ಬದುಕಿದವರು. 1799ರ ನಂತರ ಕೊಳ್ಳೇಗಾಲ ಕಂಪನಿಯ ಕೈಸೇರಿ, ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಜಿಲ್ಲಾ ಕಚೇರಿ ಘಟ್ಟದ ಆಚೆಗಿತ್ತು. ಸರ್ಕಾರವೆಂದರೆ ಊರಿನವರಿಗೆ ಕಾಣುತ್ತಿದ್ದುದು ಊರ ಮುಖ್ಯಸ್ಥ ಮಣಿಯಗಾರ ಮತ್ತು ಲೆಕ್ಕ ಬರೆಯುವ ಕರಣಂ ಮಾತ್ರ. 1895ರ ಮದರಾಸು ವಂಶಪಾರಂಪರ್ಯ ಗ್ರಾಮಾಧಿಕಾರ ಕಾಯ್ದೆ ಈ ಹುದ್ದೆಗಳನ್ನು ಮನೆತನದ ಆಸ್ತಿಯಂತೆಯೇ ಕಂಡಿತು. ಲೆಕ್ಕದ ಪುಸ್ತಕಗಳು ಕರಣಂ ಮನೆಯ ಪೆಟ್ಟಿಗೆಯಲ್ಲೇ ಇರುತ್ತಿದ್ದವು. ಯಾರ ಹೊಲಕ್ಕೆ ಯಾರ ಬದು ಎಂಬುದು ಆತನಿಗೆ ಕಂಠಪಾಠ. ಆ ಅರಿವು ಊರಿಗೆ ಉಪಕಾರವಾದಷ್ಟೇ ಹಿಡಿತವೂ ಆಯಿತು. ನೆಲವಿಲ್ಲದವರಿಗೂ ದಲಿತರಿಗೂ ಆ ಪೆಟ್ಟಿಗೆ ತೆರೆಯುತ್ತಿದ್ದುದು ಅಪರೂಪ. ಊರಲ್ಲೇ ವಾಸವಿದ್ದ ಮಾತ್ರಕ್ಕೆ ನೌಕರ ಎಲ್ಲರ ನೌಕರನಾಗುವುದಿಲ್ಲ ಎಂಬುದನ್ನು ಈ ಕಾಲವನ್ನು ಹೊಗಳುವವರು ಮರೆಯುತ್ತಾರೆ.

ಈ ವ್ಯವಸ್ಥೆಗೆ ಮೊದಲ ಪೆಟ್ಟು ಬಿದ್ದದ್ದು ನ್ಯಾಯಾಲಯದಲ್ಲಿ. ಗಾಜುಲ ದಶರಥ ರಾಮರಾವ್ ಪ್ರಕರಣದಲ್ಲಿ 1960ರ ಡಿಸೆಂಬರಿನಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟು, ಗ್ರಾಮ ಮುನ್ಸಿಫ್ ಹುದ್ದೆಯೂ ಸರ್ಕಾರಿ ಹುದ್ದೆಯೇ, ಅದನ್ನು ವಂಶದ ಆಧಾರದ ಮೇಲೆ ಕೊಡುವುದು ಸಂವಿಧಾನದ 16ನೇ ವಿಧಿಗೆ ವಿರುದ್ಧ ಎಂದಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ್ದ ಕೊಳ್ಳೇಗಾಲದಲ್ಲಿ 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂತು. ಹುದ್ದೆ ಮನೆತನದಿಂದ ಬಿಡುಗಡೆಯಾಯಿತು. ಗ್ರಾಮ ಲೆಕ್ಕಿಗ ಸಂಬಳ ಪಡೆಯುವ, ವರ್ಗವಾಗುವ ನೌಕರನಾದ. ಅಪ್ಪನಿಗೆ ಜಗುಲಿ ಹತ್ತಲೂ ಧೈರ್ಯ ಸಾಲದಿದ್ದ ಕಚೇರಿಯಲ್ಲಿ ಮಗ ಕುರ್ಚಿಯ ಮೇಲೆ ಕುಳಿತದ್ದು ಸಣ್ಣ ಸಂಗತಿಯಲ್ಲ. ಹಿಂದುಳಿದ ಜಾತಿಗಳ ಮೊದಲ ತಲೆಮಾರಿನ ನೌಕರರಿಗೆ ಸರ್ಕಾರಿ ಕೆಲಸವೆಂದರೆ ಮನೆಯ ಮಾನವೂ ಹೌದು, ತಿಂಗಳ ಭರವಸೆಯೂ ಹೌದು.

ಆದರೆ ಆಗ ಹೊಸ ತೊಡಕೊಂದು ಹುಟ್ಟಿತು. ನಿಯಮದ ಪ್ರಕಾರ ಗ್ರಾಮ ಲೆಕ್ಕಿಗ ತನ್ನ ಕೇಂದ್ರಸ್ಥಾನದಲ್ಲೇ ವಾಸವಿರಬೇಕಿತ್ತು. ಲೊಕ್ಕನಹಳ್ಳಿಯಂಥ ಕಾಡಂಚಿನ ಹೋಬಳಿಗೆ ವರ್ಗವಾದವನು ಮಕ್ಕಳ ಶಾಲೆಗೆಂದು ಮನೆಯನ್ನು ಕೊಳ್ಳೇಗಾಲದಲ್ಲೋ ಮೈಸೂರಿನಲ್ಲೋ ಉಳಿಸಿಕೊಂಡು ಬಸ್ಸಿನ ಸಮಯಕ್ಕೆ ಬಂದು ಹೋಗತೊಡಗಿದ. ದೂರ ಎಂಬುದು ಶಿಕ್ಷೆಯ ಪರ್ಯಾಯ ಪದವಾಯಿತು. ಪೌತಿ ಖಾತೆಯನ್ನೇ ನೋಡಬಹುದು. ತಂದೆ ತೀರಿಕೊಂಡ ಮೇಲೆ ಪಹಣಿ ಮಕ್ಕಳ ಹೆಸರಿಗೆ ಬರಬೇಕಾದರೆ ಮರಣ ಪ್ರಮಾಣಪತ್ರ ಬೇಕಿತ್ತು, ವಂಶವೃಕ್ಷ ಬೇಕಿತ್ತು. ಗ್ರಾಮ ಲೆಕ್ಕಿಗ ಸ್ಥಳಕ್ಕೆ ಹೋಗಿ ಮಹಜರು ಬರೆದು ಪಂಚರ ಸಹಿ, ಹೆಬ್ಬೆಟ್ಟು ಪಡೆಯಬೇಕಿತ್ತು. ರಾಜಸ್ವ ನಿರೀಕ್ಷಕರು ನೋಡಬೇಕಿತ್ತು. ಇದೆಲ್ಲ ಊರಿನ ಪರಿಚಯವಿದ್ದವನಿಗೆ ಅರ್ಧ ದಿನದ ಕೆಲಸ. ಇಲ್ಲದವನಿಗೆ ಅದೊಂದು ತಿಂಗಳುಗಟ್ಟಲೆಯ ಕಡತ. 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಯಾದ ‘ಸಕಾಲ’ ಯೋಜನೆ ಇಂಥ ಕೆಲಸಗಳಿಗೆ ದಿನಗಳ ಗಡುವು ಹಾಕಿತು. ನಾಡಕಚೇರಿಯಲ್ಲಿ ಅರ್ಜಿಗೆ ಸಂಖ್ಯೆ ಬಂತು. ಗಡುವು ನೌಕರನನ್ನು ಚುರುಕುಗೊಳಿಸಿತು. ಊರಿಗೆ ಅವನನ್ನು ಪರಿಚಯಿಸುವುದು ಗಡುವಿನಿಂದ ಆಗುವ ಕೆಲಸವಲ್ಲ.

ಜೇಮ್ಸ್ ಪೆರಿ ಮತ್ತು ಲೋಯಿಸ್ ವೈಸ್ ಎಂಬ ಅಮೆರಿಕದ ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಲೇಖನ ಸರ್ಕಾರಿ ಕೆಲಸದತ್ತ ಜನ ಒಲಿಯುವುದಕ್ಕೆ ಲೆಕ್ಕಾಚಾರ, ಕರ್ತವ್ಯಪ್ರಜ್ಞೆ, ಮಮತೆ ಎಂಬ ಮೂರು ಬಗೆಯ ಪ್ರೇರಣೆಗಳನ್ನು ಗುರುತಿಸಿತು. ಅದರ ಮರುವರ್ಷವೇ ಈ ಸೀಮೆಯ ಕಾಡಿನಲ್ಲಿ ಮೂರನೆಯದಾದ ಮಮತೆಗೆ ಬೆಲೆ ತೆತ್ತವರು ಪಿ. ಶ್ರೀನಿವಾಸ್. ರಾಜಮಂಡ್ರಿಯಲ್ಲಿ ಹುಟ್ಟಿದ ಈ ಅರಣ್ಯಾಧಿಕಾರಿ ಕಾಡುಗಳ್ಳ ವೀರಪ್ಪನ್‌ನ ಹುಟ್ಟೂರು ಗೋಪಿನಾಥಂನಲ್ಲೇ ನೆಲೆ ನಿಂತರು. ಅಲ್ಲಿಗೆ ಕುಡಿಯುವ ನೀರು ತಂದರು, ಔಷಧಾಲಯ ತೆರೆಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ವೀರಪ್ಪನ್ ಶರಣಾಗುತ್ತಾನೆಂಬ ಮಾತು ನಂಬಿ ಆಯುಧವಿಲ್ಲದೆ ಹೊರಟ ಅವರನ್ನು 1991ರ ನವೆಂಬರ್ 10ರಂದು ಆತ ಕೊಂದ. ಮರಣೋತ್ತರವಾಗಿ ಕೀರ್ತಿಚಕ್ರ ಬಂತು. ಊರಿನವರು ಅವರನ್ನು ನೆನೆಯುವುದು ಮಾತ್ರ ಆ ಗುಡಿಯ ಮೂಲಕ. 1992ರ ಮೇ ತಿಂಗಳಲ್ಲಿ ರಾಮಾಪುರ ಠಾಣೆಯ ಮೇಲೆ ವೀರಪ್ಪನ್ ತಂಡದ ದಾಳಿಯಾಗಿ ಐವರು ಪೊಲೀಸರು ಸತ್ತರು. ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್‌ಪಿ ಹರಿಕೃಷ್ಣ, ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಹತರಾದರು. ಈ ಸೀಮೆಗೆ ವರ್ಗವಾದ ನೌಕರನ ಮನೆಯಲ್ಲಿ ಆ ವರ್ಷಗಳಲ್ಲಿ ಎಂಥ ಕಳವಳವಿದ್ದೀತೆಂದು ಊಹಿಸುವುದು ಕಷ್ಟವಲ್ಲ.

ಇಂದು ಈ ಕಾಡಿನಲ್ಲಿ ಹಗಲಿರುಳು ವಾಸವಿರುವವರು ಕಳ್ಳಬೇಟೆ ತಡೆ ಶಿಬಿರಗಳ ವಾಚರ್‌ಗಳು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಮಲೆ ಮಹದೇಶ್ವರ ಬೆಟ್ಟ 2013ರಲ್ಲಿ ವನ್ಯಜೀವಿಧಾಮವಾಯಿತು. ಎರಡರಲ್ಲೂ ಈ ಕೆಲಸಕ್ಕೆ ಬರುವವರಲ್ಲಿ ಕಾಡಿನ ಬುಡಕಟ್ಟಿನವರಾದ ಸೋಲಿಗರು ಹಲವರು. ಆನೆ ದಾಟದಂತೆ ಸುತ್ತಲೂ ಕಂದಕ ತೋಡಿದ ಒಂದು ಕೋಣೆ, ಅಕ್ಕಿ ಬೇಳೆಯ ಮೂಟೆ, ಒಂದು ವಾಕಿಟಾಕಿ. ಬೆಳಗಿನ ಗಸ್ತಿನಲ್ಲಿ ಹೆಜ್ಜೆಗುರುತು ನೋಡಿ ಹುಲಿ ಯಾವ ಕಡೆಗೆ, ಎಷ್ಟು ಹೊತ್ತಿನ ಹಿಂದೆ ಹೋಯಿತೆಂದು ಹೇಳಬಲ್ಲವರು ಇವರೇ. ಇವರಲ್ಲಿ ಅನೇಕರು ದಿನಗೂಲಿ ಅಥವಾ ಹೊರಗುತ್ತಿಗೆಯವರು. ಕಾಯಂ ನೌಕರನ ನೇಮಕ, ಬಡ್ತಿ, ರಜೆ, ವರ್ಗಾವಣೆಯೆಲ್ಲ ದಾಖಲಾಗುವ ಸೇವಾ ಪುಸ್ತಕ ಇವರ ಹೆಸರಿನಲ್ಲಿ ತೆರೆಯುವುದೇ ಇಲ್ಲ.